ನೆಲವೇ ಇಟ್ಟ ಹೆಸರುಗಳು

ಸಿಂಧನೂರಿನಿಂದ ಸಿರುಗುಪ್ಪದ ಕಡೆಗೆ ಹೋಗುವ ಹೆದ್ದಾರಿ ತುಂಗಭದ್ರೆಯನ್ನು ದಾಟುವ ಸ್ಥಳದಲ್ಲಿ ದಢೇಸುಗೂರು ಎಂಬ ಊರಿದೆ. ಸೇತುವೆಯ ಈಚೆಗೆ ರಾಯಚೂರು ಜಿಲ್ಲೆ, ಆಚೆಗೆ ಬಳ್ಳಾರಿ ಜಿಲ್ಲೆ. ಎರಡು ಕಡೆಯೂ ಭತ್ತದ ಗದ್ದೆಗಳು. ಕೃಷಿಯ ವಿಷಯದಲ್ಲಿ ಆಸಕ್ತಿಯುಳ್ಳವರಿಗೆ ಇಲ್ಲಿಯ ಕೃಷಿ ಸಂಶೋಧನಾ ಕೇಂದ್ರದಿಂದಾಗಿ ಊರಿನ ಹೆಸರು ಪರಿಚಿತ. ಉಳಿದವರಿಗೆ ಅದು ಬಸ್ಸಿನ ಕಿಟಕಿಯಿಂದ ಕಾಣುವ ಒಂದು ಫಲಕ ಮಾತ್ರ. ಆ ಫಲಕದ ಮೇಲಿನ ಐದಾರು ಅಕ್ಷರಗಳು ಏನನ್ನು ಹೇಳುತ್ತಿವೆ ಎಂದು ಕೇಳುವವರು ವಿರಳ.

ಒಂದೇ ಹೆಸರನ್ನು ಹಿಡಿದುಕೊಂಡು ಯೋಚಿಸಿದರೆ ಅರ್ಥ ಹೊಳೆಯುವುದಿಲ್ಲ. ನೆರೆಹೊರೆಯ ಹೆಸರುಗಳ ಜೊತೆಗಿಟ್ಟು ನೋಡಬೇಕು. ರಾಯಚೂರು ಜಿಲ್ಲೆಯಲ್ಲಿ ‘ಸುಗೂರು’ ಒಂದಲ್ಲ. ಕೃಷ್ಣೆಯ ದಂಡೆಯಲ್ಲಿ ದೇವಸುಗೂರು ಇದೆ. ಸೂಗೂರೇಶ್ವರನ ದೇವಾಲಯದಿಂದ ಅದು ನಾಡಿಗೆಲ್ಲ ಪ್ರಸಿದ್ಧ. ಒಳನಾಡಿನಲ್ಲಿ ಲಿಂಗಸುಗೂರು ಇದೆ. ತುಂಗಭದ್ರೆಯ ದಂಡೆಯಲ್ಲಿ ದಢೇಸುಗೂರು. ಒಂದೇ ಹೆಸರಿನ ಊರುಗಳು ಹಲವಾದಾಗ ಜನರು ಅವನ್ನು ಬೇರ್ಪಡಿಸಲು ಮುಂದೊಂದು ಗುರುತಿನ ಪದವನ್ನು ಸೇರಿಸುತ್ತಾರೆ. ಒಂದಕ್ಕೆ ದೇವರು ಗುರುತಾದ, ಒಂದಕ್ಕೆ ಲಿಂಗ ಗುರುತಾಯಿತು, ನದಿಯಂಚಿನ ಈ ಊರಿಗೆ ದಡವೇ ಗುರುತಾಯಿತು ಎಂದು ಓದುವುದು ಸಹಜವಾಗಿದೆ. ಬರವಣಿಗೆಯಲ್ಲಿ ಮಹಾಪ್ರಾಣ ಸೇರಿ ‘ದಢ’ ಎಂದಾಗಿದ್ದರೂ ಕಿವಿಗೆ ಕೇಳಿಸುವುದು ದಡವೇ.

ಹೀಗೆ ನೆಲದಿಂದ ಹುಟ್ಟಿದ ಹೆಸರು ಮುಂದೆ ದೇವರಿಗೂ ಮನುಷ್ಯರಿಗೂ ಹೋಗುತ್ತದೆ. ಸುಗೂರಿನ ಈಶ್ವರ ಸೂಗೂರೇಶ್ವರನಾದ. ಅವನ ಹೆಸರಿನಿಂದ ಈ ಸೀಮೆಯ ಮನೆಮನೆಗಳಲ್ಲಿ ಸೂಗಪ್ಪ, ಸೂಗಯ್ಯ, ಸೂಗಮ್ಮ ಎಂಬ ಹೆಸರುಗಳು ಬಂದವು. ಊರಿನ ಹೆಸರು ಎಷ್ಟು ದೂರ ನಡೆಯಬಲ್ಲುದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಎರಡು ಹೊಳೆಗಳ ನಡುವೆ

ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳಿರುವ ಈ ಭೂಭಾಗ ಉತ್ತರದ ಕೃಷ್ಣೆಗೂ ದಕ್ಷಿಣದ ತುಂಗಭದ್ರೆಗೂ ನಡುವೆ ಚಾಚಿಕೊಂಡಿದೆ. ಚರಿತ್ರೆಯ ಪುಸ್ತಕಗಳಲ್ಲಿ ಇದರ ಹೆಸರು ‘ರಾಯಚೂರು ದೋಆಬ್’. ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ ಇದಕ್ಕಾಗಿ ತಲೆಮಾರುಗಳವರೆಗೆ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯನು ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿದ್ದು ಈ ನೆಲಕ್ಕಾಗಿಯೇ. ‘ದೋಆಬ್’ ಎಂಬುದು ಪಾರಸಿ ಮಾತು: ‘ದೋ’ ಎಂದರೆ ಎರಡು, ‘ಆಬ್’ ಎಂದರೆ ನೀರು.

ಆದರೆ ಪಾರಸಿ ನುಡಿ ಈ ಸೀಮೆಗೆ ಬರುವುದಕ್ಕೆ ಶತಮಾನಗಳ ಹಿಂದೆಯೇ ಕನ್ನಡಿಗರು ಇದಕ್ಕೆ ತಮ್ಮದೇ ಹೆಸರಿಟ್ಟಿದ್ದರು. ಚಾಲುಕ್ಯರ ಕಾಲದ ಶಾಸನಗಳಲ್ಲಿ ಬರುವ ‘ಎಡೆದೊರೆ ಎರಡುಸಾವಿರ’ ಎಂಬ ನಾಡು ಇದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಎಡೆ ಎಂದರೆ ನಡು. ತೊರೆ ಎಂದರೆ ಹೊಳೆ. ಹೊಳೆಗಳ ನಡುವಣ ನಾಡು ಎಡೆದೊರೆ. ದಂಡೆತ್ತಿ ಬಂದ ರಾಜೇಂದ್ರ ಚೋಳನ ಪ್ರಶಸ್ತಿಗಳಲ್ಲಿ ಇದೇ ಹೆಸರು ತಮಿಳಿನ ಉಡುಪಿನಲ್ಲಿ ‘ಇಡೈತುರೈ ನಾಡು’ ಎಂದು ಕಾಣಿಸಿಕೊಂಡಿತು. ಗ್ರೀಕರು ಯೂಫ್ರೆಟಿಸ್, ಟೈಗ್ರಿಸ್ ನದಿಗಳ ನಡುವಣ ದೇಶಕ್ಕೆ ಮೆಸೊಪೊಟೇಮಿಯ ಎಂದರು. ಅದರ ಅರ್ಥವೂ ನದಿಗಳ ನಡುವಣ ನಾಡೆಂದೇ. ಆಳುವವರು ಬದಲಾದರು, ಅವರ ಭಾಷೆಗಳು ಬದಲಾದವು. ನೆಲದ ಆಕಾರ ಬದಲಾಗಲಿಲ್ಲವಾದ್ದರಿಂದ ಹೆಸರಿನ ತಿರುಳೂ ಬದಲಾಗಲಿಲ್ಲ. ಪಾರಸಿ ಬಲ್ಲವನೂ ಕನ್ನಡಿಗನೂ ಬೇರೆಬೇರೆ ಕಾಲದಲ್ಲಿ ಒಂದೇ ದೃಶ್ಯವನ್ನು ಕಂಡು ಒಂದೇ ಮಾತನ್ನು ಆಡಿದ್ದಾರೆ.

ಕಲ್ಲಿನ ಬಳಗ

ಈ ಸೀಮೆಯಲ್ಲಿ ಪ್ರಯಾಣ ಮಾಡುವವನ ಕಣ್ಣಿಗೆ ಎರಡು ವಸ್ತುಗಳು ಎದ್ದು ಕಾಣುತ್ತವೆ. ಒಂದು, ಕಪ್ಪಗೆ ಹರಡಿಕೊಂಡ ಎರೆಯ ಬಯಲು. ಇನ್ನೊಂದು, ಆ ಬಯಲಿನ ನಡುವೆ ಯಾರೋ ಒಟ್ಟಿ ಮರೆತುಹೋದಂತೆ ಕುಳಿತಿರುವ ಬಂಡೆಗಳ ಗುಡ್ಡ. ಎರೆಯ ಬಯಲಿನಲ್ಲಿ ದಾರಿ ತಪ್ಪಿದವನಿಗೆ ದೂರದಿಂದ ಕಾಣುವ ಕಲ್ಲೇ ದಿಕ್ಕು. ಆದುದರಿಂದ ಊರ ಹೆಸರುಗಳಲ್ಲಿ ಕಲ್ಲು ಹೇರಳವಾಗಿರುವುದು ಆಶ್ಚರ್ಯವಲ್ಲ.

ಮುದಗಲ್ಲನ್ನು ನೋಡಿ. ಊರ ನೆತ್ತಿಯ ಮೇಲೆ ಕಲ್ಲುಗುಡ್ಡ, ಗುಡ್ಡದ ಸುತ್ತ ಕೋಟೆ. ಹೆಸರಿನ ಕೊನೆಗೆ ಕಲ್ಲು. ಮಾನ್ವಿಯ ಕಡೆಗೆ ಹೋದರೆ ಹಿರೇಕೊಟ್ನೇಕಲ್, ಮಸ್ಕಿಯ ಕಡೆಗೆ ಬಂದರೆ ಪಾಮನಕಲ್ಲೂರು. ಸಿಂಧನೂರು ತಾಲ್ಲೂಕಿನಲ್ಲಿ ಕೆಂಗಲ್. ಚನ್ನಪಟ್ಟಣದ ಬಳಿ ಇನ್ನೊಂದು ಕೆಂಗಲ್. ಕೆಂಪು ಕಲ್ಲನ್ನು ಕಂಡ ಕನ್ನಡಿಗ ತುಂಗಭದ್ರೆಯ ತೀರದಲ್ಲಿರಲಿ, ಮೈಸೂರು ಸೀಮೆಯಲ್ಲಿರಲಿ, ಆಡಿದ ಮಾತು ಒಂದೇ. ಕಕಾರ ಗಕಾರವಾಗಿ ‘ಕಲ್’ ‘ಗಲ್’ ಆಗುವುದನ್ನು ಶಾಲೆಯಲ್ಲಿ ಆದೇಶ ಸಂಧಿಯೆಂದು ಓದಿದ್ದೇವೆ. ವ್ಯಾಕರಣದ ಆ ಪಾಠವನ್ನು ನಮ್ಮ ಹಳ್ಳಿಗರು ಊರಿಗೆ ಹೆಸರಿಡುವಾಗಲೇ ಮಾಡಿ ಮುಗಿಸಿದ್ದರು.

ಮಸ್ಕಿಯ ಕಥೆ ಇನ್ನೂ ಸ್ವಾರಸ್ಯವಾದುದು. ಅಲ್ಲಿಯ ದುರ್ಗದ ಗುಡ್ಡದ ಬಂಡೆಯೊಂದರ ಮೇಲೆ ಅಶೋಕನ ಶಾಸನವಿರುವುದನ್ನು ಕ್ರಿ.ಶ. 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರು ಕಂಡುಹಿಡಿದ. ‘ದೇವಾನಾಂಪ್ರಿಯ’ನೆಂದಷ್ಟೇ ಬಂಡೆಗಳ ಮೇಲೆ ಕರೆದುಕೊಂಡಿದ್ದ ಅರಸನು ಅಶೋಕನೇ ಎಂದು ಸ್ಪಷ್ಟವಾಗಿ ಹೆಸರು ಹೇಳಿದ ಮೊದಲ ಶಾಸನ ಅದು. ಇಡೀ ಭರತಖಂಡದ ಚರಿತ್ರೆಗೆ ಒಬ್ಬ ಚಕ್ರವರ್ತಿಯ ಹೆಸರನ್ನು ಖಚಿತಪಡಿಸಿಕೊಟ್ಟ ಊರಿನ ಸ್ವಂತ ಹೆಸರೇನು? ಹನ್ನೊಂದನೆಯ ಶತಮಾನದ ಶಾಸನಗಳಲ್ಲಿ ಅದು ‘ಪಿರಿಯ ಮೊಸಂಗಿ’. ಚೋಳರ ಪ್ರಶಸ್ತಿಗಳಲ್ಲಿ ರಾಜೇಂದ್ರನು ಚಾಲುಕ್ಯ ಜಯಸಿಂಹನೊಡನೆ ಹೋರಿದ ‘ಮುಶಂಗಿ’ಯೂ ಇದೇ ಎಂದು ಹೇಳುತ್ತಾರೆ. ಮೊಸಂಗಿಯು ಬಾಯಿಂದ ಬಾಯಿಗೆ ಸವೆದು ಮಸ್ಕಿಯಾಯಿತು.

ಇಲ್ಲಿ ‘ಪಿರಿಯ’ ಎಂಬ ಮಾತನ್ನು ವಾಚಕರು ಗಮನಿಸಬೇಕು. ಹಳಗನ್ನಡದ ಪಕಾರವು ನಡುಗನ್ನಡಕ್ಕೆ ಬರುವಾಗ ಹಕಾರವಾಯಿತು: ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪಿರಿಯ ಹಿರಿಯವಾಯಿತು. ಸಾವಿರ ವರ್ಷಗಳ ಹಿಂದೆ ದೊಡ್ಡ ಮೊಸಂಗಿಗೆ ‘ಪಿರಿಯ’ವೆಂದು ಗುರುತು ಕೊಟ್ಟ ಪದವೇ ಇಂದು ಹಿರೇಕೊಟ್ನೇಕಲ್ಲಿನ ‘ಹಿರೇ’ ಆಗಿ ಬಸ್ಸಿನ ಫಲಕದ ಮೇಲೆ ಕುಳಿತಿದೆ. ಶಾಸನವನ್ನು ಓದಲು ಪಂಡಿತರು ಬೇಕು. ಅದೇ ಪದವನ್ನು ಉಚ್ಚರಿಸಲು ಬಸ್ಸಿನ ಕಂಡಕ್ಟರನೇ ಸಾಕು.

ಏರು, ತಗ್ಗು, ನೀರು

ಬಯಲುಸೀಮೆಯ ನೆಲ ಚಪ್ಪಟೆಯಾಗಿದೆ ಎಂಬುದು ದೂರದವರ ಭಾವನೆ. ಅಲ್ಲಿ ಬೇಸಾಯ ಮಾಡುವವನಿಗೆ ಹಾಗಿಲ್ಲ. ಅಂಗೈಯಷ್ಟು ಏರಿದ ನೆಲವೂ ಅವನ ಗಮನಕ್ಕೆ ಬಂದಿದೆ, ಅದಕ್ಕೊಂದು ಪದವೂ ಇದೆ. ಸುತ್ತಣ ನೆಲಕ್ಕಿಂತ ಕೊಂಚ ಎತ್ತರವಾದದ್ದು ದಿನ್ನೆ. ಈ ಕಡೆಯ ಬಾಯಲ್ಲಿ ದಿನ್ನಿ. ಗರಸು ಕೂಡಿದ ಬೋಳು ದಿಬ್ಬ ಮರಡಿ. ಅದಕ್ಕೂ ಎತ್ತರವಾದದ್ದು ಗುಡ್ಡ. ನೆಲದ ಬಣ್ಣ ಕಪ್ಪಾದರೆ ಎರೆ, ಕೆಂಪಾದರೆ ಮಸಾರಿ. ಮಾರಲದಿನ್ನಿ, ಪುಲದಿನ್ನಿ ಎಂಬ ಊರುಗಳು ತಾವು ಕುಳಿತ ನೆಲ ಎಂಥದೆಂಬುದನ್ನು ಹೆಸರಿನಲ್ಲೇ ಸಾರುತ್ತವೆ. ಎರೆಯ ನೆಲ ಮಳೆಗಾಲದಲ್ಲಿ ಕಾಲು ಕೀಳಲಾರದ ಕೆಸರಾಗುತ್ತದೆ. ಮನೆ ಕಟ್ಟುವವನು ದಿನ್ನೆಯನ್ನು ಹುಡುಕಿದ್ದು, ಆ ದಿನ್ನೆಯೇ ಊರಿಗೆ ಹೆಸರಾದದ್ದು, ಕೇವಲ ಅನುಭವದ ಫಲ.

ಗಿಡಮರಗಳೂ ಹೀಗೆಯೇ ನೆಲದ ಗುಣವನ್ನು ಹೇಳುತ್ತವೆ. ಸಿಂಧನೂರು ತಾಲ್ಲೂಕಿನ ಜಾಲಿಹಾಳದ ಹೆಸರಿನಲ್ಲಿ ಜಾಲಿಯ ಮರ ನಿಂತಿದೆ. ಜಾಲಿ ಒಣಸೀಮೆಯ ಮರ. ಎರೆಯ ಬಯಲಿನಲ್ಲಿ ದನಕರುಗಳಿಗೆ ನೆರಳು, ಆಡುಕುರಿಗಳಿಗೆ ಕಾಯಿ, ನೇಗಿಲಿಗೆ ಕಟ್ಟಿಗೆ ಕೊಡುವ ಮರ. ಕಾಲುವೆಯ ನೀರು ಬಂದು ಭತ್ತದ ಗದ್ದೆಯಾದ ಸೀಮೆಯಲ್ಲಿ ಹೊಸದಾಗಿ ಬಂದವನಿಗೆ ಇಲ್ಲಿ ಹಿಂದೆ ಎಂಥ ಬೇಸಾಯವಿತ್ತೆಂದು ತಿಳಿಯಬೇಕಾದರೆ ಇಂಥ ಹೆಸರುಗಳನ್ನೇ ಕೇಳಬೇಕು.

ಆದರೆ ಎಲ್ಲ ಹೆಸರುಗಳೂ ಕುಳಿತಲ್ಲಿಗೇ ಅರ್ಥವನ್ನು ಬಿಟ್ಟುಕೊಡುವುದಿಲ್ಲ. ಈ ತಾಲ್ಲೂಕಿನಲ್ಲಿ ಮುಕ್ಕುಂದಾ, ರೌಡಕುಂದಾ, ಸಾಲಗುಂದಾ ಎಂಬ ಊರುಗಳಿವೆ. ಕೊನೆಯ ‘ಕುಂದ’ವನ್ನು ಕೇಳಿದೊಡನೆ ಒಬ್ಬನಿಗೆ ಆಗುಂಬೆಯ ಬಳಿಯ ಕುಂದಾದ್ರಿ, ತಮಿಳಿನ ಕುನ್ಱು, ಮಲೆಯಾಳದ ಕುನ್ನು, ತೆಲುಗಿನ ಕೊಂಡ ನೆನಪಾಗುತ್ತವೆ, ಅವೆಲ್ಲವೂ ಗುಡ್ಡಗಳು. ಇನ್ನೊಬ್ಬನಿಗೆ ನೀರು ನಿಂತ ಕುಂಡ, ಗುಂಡಿಗಳು ನೆನಪಾಗುತ್ತವೆ. ಒಂದು ಎತ್ತರ, ಇನ್ನೊಂದು ತಗ್ಗು! ನಿಘಂಟನ್ನು ಎಷ್ಟು ತಿರುವಿ ಹಾಕಿದರೂ ಈ ವ್ಯಾಜ್ಯ ತೀರದು. ಊರಿಗೆ ಹೋಗಿ ಹಳೆಯ ಗ್ರಾಮಠಾಣದ ಮೇಲೆ ನಿಂತು, ಬಳಿಯಲ್ಲಿರುವುದು ಗುಡ್ಡವೋ ಮಡುವೋ ಎಂದು ಕಣ್ಣಾರೆ ನೋಡಿದವನ ಮಾತೇ ಪ್ರಮಾಣ. ಊರ ಹೆಸರುಗಳ ಅಧ್ಯಯನದಲ್ಲಿ ಪುಸ್ತಕಕ್ಕೆ ಅರ್ಧ ಪಾಲು, ಕಾಲ್ನಡಿಗೆಗೆ ಅರ್ಧ ಪಾಲು.

ನೆಲವನ್ನು ಹೇಳುವ ಹೆಸರು ಕುತೂಹಲಕ್ಕೆ ಮಾತ್ರ ಉಪಯುಕ್ತವೆಂದು ತಿಳಿಯಬಾರದು. 2009ರ ಸೆಪ್ಟೆಂಬರ್ ಕೊನೆಯಲ್ಲಿ ಉತ್ತರ ಕರ್ನಾಟಕದ ಮೇಲೆ ಸುರಿದ ಮಹಾಮಳೆಯಲ್ಲಿ ಕೃಷ್ಣಾ ತುಂಗಭದ್ರೆಗಳು ದಡ ಮೀರಿ ಹರಿದವು. ಅನೇಕ ಹಳ್ಳಿಗಳ ಜನರನ್ನು ‘ಆಸರೆ’ ಯೋಜನೆಯ ಹೊಸ ಮನೆಗಳಿಗೆ ಸ್ಥಳಾಂತರಿಸಬೇಕಾಯಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ನದಿಯ ಕೆಳದಂಡೆಯ ಊರುಗಳಿಗೆಲ್ಲ ಎಚ್ಚರಿಕೆ ಕೊಡಲಾಯಿತು. ಅಂಥ ರಾತ್ರಿಗಳಲ್ಲಿ ದಡವೆಂದರೇನು, ದಿನ್ನೆಯೆಂದರೇನು ಎಂಬುದನ್ನು ಯಾರೂ ಭಾಷಾಶಾಸ್ತ್ರದಿಂದ ಕಲಿಯಬೇಕಾಗುವುದಿಲ್ಲ.

ಚಿನ್ನದ ಊರಿಗೆ ದನದ ಹೆಸರು

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯನ್ನು ಕೇಳದವರಿಲ್ಲ. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದ ಮೇಲೆ ಚಿನ್ನವೆಂದರೆ ಹಟ್ಟಿಯೆಂಬ ಮಾತು ಬಂದಿದೆ. ಇಲ್ಲಿಯ ಹಳೆಯ ಗಣಿಗಳಲ್ಲಿ ದೊರೆತ ಮರದ ತುಂಡುಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು ಅವು ಸುಮಾರು ಎರಡು ಸಾವಿರ ವರ್ಷ ಹಳೆಯವೆಂದು ಹೇಳಿದ್ದಾರೆ. ಅಶೋಕನ ಬ್ರಹ್ಮಗಿರಿ ಶಾಸನದಲ್ಲಿ ಅವನ ರಾಜಪ್ರತಿನಿಧಿ ಇದ್ದ ಸ್ಥಳಕ್ಕೆ ‘ಸುವರ್ಣಗಿರಿ’ ಎಂಬ ಹೆಸರಿದೆ. ಅದನ್ನು ಈ ಚಿನ್ನದ ಸೀಮೆಯ ಆಸುಪಾಸಿನಲ್ಲೇ ಹುಡುಕುವ ವಿದ್ವಾಂಸರಿದ್ದಾರೆ. ಅರಮನೆಯವರು ಬೆಟ್ಟವನ್ನು ಕಂಡು ಚಿನ್ನದ ಬೆಟ್ಟವೆಂದರು.

ಆದರೆ ಚಿನ್ನದ ಮೇಲೆಯೇ ಕುಳಿತ ಊರಿಗೆ ಜನರು ಇಟ್ಟ ಹೆಸರು ಹಟ್ಟಿ. ಹಟ್ಟಿ ಎಂದರೆ ದನಕುರಿಗಳನ್ನು ಕೂಡುವ ಕೊಟ್ಟಿಗೆ, ದನಗಾಹಿಗಳ ಬೀಡು. ಮಸ್ಕಿ ತಾಲ್ಲೂಕಿನ ಅಂಕುಶದೊಡ್ಡಿಯಲ್ಲಿರುವ ದೊಡ್ಡಿಯೂ ಅದೇ ಅರ್ಥದ ಮಾತು. ಬಂಗಾರ ಅರಸನ ಪಾಲಾಯಿತು. ಹಾಲು ಕೊಟ್ಟ ಹಸು ಮನೆಯ ಪಾಲಿಗೆ ಉಳಿಯಿತು. ಮನೆಯವರು ಹೆಸರಿಟ್ಟದ್ದು ತಮ್ಮ ಪಾಲಿನ ಸಂಪತ್ತಿಗೆ.

ಈ ದನಗಾಹಿ ಬದುಕಿನ ಬೇರು ಎಷ್ಟು ಆಳವಾದುದೆಂಬುದನ್ನು ಅಗೆತದ ಪಂಡಿತರು ತೋರಿಸಿಕೊಟ್ಟಿದ್ದಾರೆ. ಮುದಗಲ್ಲಿನ ಬಳಿಯ ಪಿಕ್ಲಿಹಾಳದಲ್ಲಿ ಆಲ್ಚಿನ್ ಎಂಬ ಆಂಗ್ಲ ವಿದ್ವಾಂಸರು ಉತ್ಖನನ ನಡೆಸಿ 1960ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ನವಶಿಲಾಯುಗದ ಜನರು ಅಲ್ಲಿಯ ಬಂಡೆಗಳ ಮೇಲೆ ಗೂಳಿಗಳ ಚಿತ್ರಗಳನ್ನು ಕೊರೆದು ಹೋಗಿದ್ದಾರೆ. ಈ ಸೀಮೆಯ ಅನೇಕ ಕಡೆ ಇರುವ ಬೂದಿಯ ದಿಬ್ಬಗಳು ಬಹುಕಾಲ ಒಗಟಾಗಿದ್ದವು. ಹಂಪೆಯ ಬಳಿಯ ನಿಂಬಾಪುರದ ದಿಬ್ಬವನ್ನು ವಾಲಿಯ ಚಿತಾಭಸ್ಮವೆಂದು ಜನರು ನಂಬಿದ್ದರು. ದೊಡ್ಡಿಗಳಲ್ಲಿ ವರ್ಷವರ್ಷವೂ ಬಿದ್ದ ಸಗಣಿಯ ರಾಶಿಗೆ ಬೆಂಕಿ ಇಟ್ಟುದರಿಂದ ಈ ಬೂದಿ ಸಂಗ್ರಹವಾಯಿತೆಂದು ಆಲ್ಚಿನ್ನರು ಸಾಧಿಸಿದರು. ಇವು ನಾಲ್ಕು ಸಾವಿರ ವರ್ಷಗಳ ಹಿಂದಿನ ದನದ ದೊಡ್ಡಿಗಳು!

ಮುಂದೆ ಪ್ರೊಫೆಸರ್ ಕೆ. ಪದ್ದಯ್ಯನವರು ಇಂಥದೇ ಒಂದು ದಿಬ್ಬವನ್ನು ಸುರಪುರ ತಾಲ್ಲೂಕಿನಲ್ಲಿ ವಿಸ್ತಾರವಾಗಿ ಅಗೆಸಿದರು. ಆ ಊರಿನ ಹೆಸರು ಬೂದಿಹಾಳ. ಪಂಡಿತರು ಸನಿಕೆ ಹಿಡಿದು ಬರುವ ಮೊದಲೇ ಊರವರು ಅಲ್ಲಿರುವುದು ಏನೆಂಬುದನ್ನು ಹೆಸರಿನಲ್ಲಿ ಬರೆದಿಟ್ಟಿದ್ದರು. ಬೂದಿ ಹೇಗೆ ಬಂತೆಂಬುದು ಅವರಿಗೆ ತಿಳಿದಿರಲಿಲ್ಲ, ಬೂದಿಯೆಂಬುದು ತಿಳಿದಿತ್ತು. ಕಥೆ ತಪ್ಪಬಹುದು, ವಾಲಿಯ ಹೆಸರು ಬಂದು ಸೇರಬಹುದು. ಕಂಡದ್ದನ್ನು ಕಂಡಂತೆ ಹೇಳಿದ ಹೆಸರು ತಪ್ಪುವುದು ಅಪರೂಪ.

ಸ್ಕಾಟ್ಲೆಂಡಿನ ಪಾಠ

ನೆಲವನ್ನು ನೋಡಿ ಹೆಸರಿಡುವ ಪದ್ಧತಿ ನಮ್ಮದು ಮಾತ್ರವಲ್ಲ. ಬ್ರಿಟನ್ನಿನ ಉತ್ತರಭಾಗವಾದ ಸ್ಕಾಟ್ಲೆಂಡಿನ ಬೆಟ್ಟಸೀಮೆಯ ಹೆಸರುಗಳು ಗೇಲಿಕ್ ಎಂಬ ಹಳೆಯ ನುಡಿಯಲ್ಲಿವೆ. ಅಲ್ಲಿ ‘ಬೆನ್’ ಎಂದರೆ ಬೆಟ್ಟ, ‘ಗ್ಲೆನ್’ ಎಂದರೆ ಕಿರಿದಾದ ಕಣಿವೆ, ‘ಸ್ಟ್ರಾತ್’ ಎಂದರೆ ಹೊಳೆ ಹರಿಯುವ ಅಗಲವಾದ ಕಣಿವೆ, ‘ಇನ್ವರ್’ ಎಂದರೆ ಹೊಳೆ ಸೇರುವ ಬಾಯಿ. ನೆಸ್ ಹೊಳೆಯ ಬಾಯಲ್ಲಿರುವ ಪಟ್ಟಣ ಇನ್ವರ್ನೆಸ್. ನಾವು ಕೃಷ್ಣಾ ಮಲಪ್ರಭೆಗಳು ಸೇರುವಲ್ಲಿ ‘ಕೂಡಲ’ವೆಂದಂತೆ ಅವರು ‘ಇನ್ವರ್’ ಎಂದರು. ಕಣಿವೆಯ ಅಗಲಕ್ಕೆ ತಕ್ಕಂತೆ ಬೇರೆ ಪದ ಅವರಲ್ಲಿರುವುದು ನಮ್ಮಲ್ಲಿ ದಿನ್ನೆ, ಮರಡಿ, ಗುಡ್ಡಗಳೆಂಬ ಮೆಟ್ಟಿಲುಗಳಿರುವಂತೆಯೇ.

ಆದರೆ ಅಲ್ಲಿಯ ಪರಿಸ್ಥಿತಿ ಮರುಕ ಹುಟ್ಟಿಸುತ್ತದೆ. ಇಂದು ಸ್ಕಾಟ್ಲೆಂಡಿನಲ್ಲಿ ಗೇಲಿಕ್ ಮಾತನಾಡಬಲ್ಲವರು ನೂರಕ್ಕೆ ಒಬ್ಬಿಬ್ಬರು. ಉಳಿದವರು ತಾವು ಹುಟ್ಟಿ ಬೆಳೆದ ಊರಿನ ಹೆಸರಿನ ಅರ್ಥವನ್ನು ಪುಸ್ತಕದಿಂದ ತಿಳಿಯಬೇಕು. ನುಡಿ ಹೋದ ಮೇಲೆ ಹೆಸರು ಉಳಿದಿದೆ, ಬೀಗದ ಕೈ ಕಳೆದುಹೋದ ಪೆಟ್ಟಿಗೆಯ ಹಾಗೆ. ನಮಗೆ ಆ ದುರ್ಗತಿ ಬಂದಿಲ್ಲ. ದಡ, ದಿನ್ನಿ, ಕಲ್ಲು, ಹಟ್ಟಿ, ಜಾಲಿ ಇವು ನಾವು ದಿನವೂ ಆಡುವ ಮಾತುಗಳು. ಬೀಗದ ಕೈ ನಮ್ಮ ಬಾಯಲ್ಲೇ ಇದೆ. ಹೀಗಿದ್ದೂ ನಾವು ಈ ಅರ್ಥಗಳನ್ನು ಕಳೆದುಕೊಂಡರೆ ದೂರಲು ಬೇರೆಯವರು ಸಿಕ್ಕಲಾರರು.

ಲಿಪಿಯಲ್ಲಿ ಸವೆದದ್ದು

ಕಳೆದುಕೊಳ್ಳುವ ಕೆಲಸ ಅಷ್ಟಿಷ್ಟು ನಡೆದೂ ಇದೆ. ರಾಯಚೂರು ಸೀಮೆ 1948ರವರೆಗೆ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿತ್ತು. 1956ರಲ್ಲಿ ಏಕೀಕೃತ ರಾಜ್ಯಕ್ಕೆ ಸೇರಿತು. ನಿಜಾಮರ ದಫ್ತರಗಳ ಭಾಷೆ ಮೊದಲು ಪಾರಸಿ, ಆಮೇಲೆ ಉರ್ದು. ಆ ಲಿಪಿಯಲ್ಲಿ ಳಕಾರಕ್ಕೆ ಅಕ್ಷರವಿಲ್ಲ. ಅದರ ಮೇಲೆ ಇಂಗ್ಲಿಷಿನ ಬರವಣಿಗೆ ಬಂತು, ಅದರಲ್ಲಿಯೂ ಇಲ್ಲ. ತುರ್ವಿಹಾಳದ ಳಕಾರ ಮೆತ್ತಗಾಗಿ ‘ತುರ್ವಿಹಾಲ್’ ಆಯಿತು, ಪಿಕ್ಲಿಹಾಳ ‘ಪಿಕ್ಲಿಹಾಲ್’ ಆಯಿತು. ಇಂಗ್ಲಿಷ್ ಫಲಕವನ್ನು ಓದಿ ಬೆಳೆದ ಹುಡುಗ ತನ್ನ ಊರಿನ ಹೆಸರನ್ನೇ ಪರಸ್ಥಳದವನಂತೆ ಉಚ್ಚರಿಸುವುದನ್ನು ಈಗ ಕೇಳಬಹುದು.

ಲಿಂಗಸುಗೂರಿನಲ್ಲಿ ಬೇರೊಂದು ಬಗೆಯ ಪಲ್ಲಟ ನಡೆಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ದಂಡಿನ ಠಾಣ್ಯವಿತ್ತು. ಠಾಣ್ಯದ ಸುತ್ತ ಬೆಳೆದ ಪೇಟೆಯನ್ನು ಜನರು ಛಾವಣಿ ಎಂದರು. ಮೂಲದ ಊರು ಕಸಬಾ ಲಿಂಗಸುಗೂರಾಗಿ ಪಕ್ಕಕ್ಕೆ ಸರಿಯಿತು. ದಂಡು ಹೋಗಿ ಯಾವ ಕಾಲವಾಯಿತೋ, ಹಳ್ಳಿಯ ಹಿರಿಯರ ಬಾಯಲ್ಲಿ ಪೇಟೆ ಇನ್ನೂ ಛಾವಣಿಯೇ. ಜನರು ಹೆಸರನ್ನು ಸುಲಭವಾಗಿ ಬಿಡುವವರಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಕಾಲುವೆಯ ಸಂಖ್ಯೆಗಳು

ನೆಲದ ರೂಪವೇ ಬದಲಾದದ್ದು ತುಂಗಭದ್ರೆಯ ಅಣೆಕಟ್ಟಿನಿಂದ. 1945ರಲ್ಲಿ ಕೆಲಸ ಆರಂಭವಾಗಿ 1953ರಲ್ಲಿ ನೀರು ಕಾಲುವೆಗೆ ಹರಿಯಿತು. ಸುಮಾರು 227 ಕಿಲೋಮೀಟರು ಉದ್ದದ ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು, ಮಾನ್ವಿಗಳನ್ನು ದಾಟಿ ರಾಯಚೂರಿನವರೆಗೆ ಹೋಗುತ್ತದೆ. ಜೋಳ, ಹತ್ತಿ ಬೆಳೆಯುತ್ತಿದ್ದ ಎರೆಯ ನೆಲದಲ್ಲಿ ಭತ್ತ ತೆನೆದೂಗಿತು. ಆಂಧ್ರದ ಕರಾವಳಿಯಿಂದ ರೈತರು ಬಂದು ನೆಲ ಕೊಂಡು ನೆಲೆಸಿದರು. ಮೊದಲು ಡೇರೆಗುಡಿಸಲುಗಳ ಬೀಡಾಗಿದ್ದುದಕ್ಕೆ ‘ಕ್ಯಾಂಪ್’ ಎಂದರು. ಬೀಡು ಊರಾಯಿತು, ಮಹಡಿಮನೆಗಳೆದ್ದವು, ದೇವಾಲಯ ಶಾಲೆಗಳಾದವು. ಗೊರೇಬಾಳ ಕ್ಯಾಂಪ್ ಕ್ಯಾಂಪಾಗಿಯೇ ಉಳಿಯಿತು. 1970ರ ಸುಮಾರಿಗೆ ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳಿಗೆ ಸಿಂಧನೂರಿನ ಬಳಿ ನೆಲೆ ಕೊಟ್ಟರು. ಅವರ ಊರುಗಳಿಗೆ ಆರ್.ಎಚ್. ಕ್ಯಾಂಪ್ ಒಂದು, ಎರಡು, ಮೂರು ಎಂದು ಸಂಖ್ಯೆಗಳೇ ಹೆಸರಾದವು.

ಇದನ್ನು ಹೀಯಾಳಿಸಬೇಕಾಗಿಲ್ಲ. ಅವರೂ ತಾವು ಕಂಡ ನೆಲಕ್ಕೇ ಹೆಸರಿಟ್ಟರು. ಅವರ ಕಣ್ಣಿಗೆ ಮೊದಲು ಬಿದ್ದುದು ದಿನ್ನೆಯಲ್ಲ, ಕಾಲುವೆ. ಇಂದು ಸಿಂಧನೂರಿನ ರೈತ ‘54ನೆಯ ಕಾಲುವೆ’ ಎಂದರೆ ನೀರಿನ ದಾರಿ, ಸರದಿ, ಜಗಳ, ಬೆಳೆ ಎಲ್ಲವೂ ಅದರಲ್ಲಿ ಅಡಕವಾಗಿವೆ. 2020ರ ಕೊನೆಯಿಂದ ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನಲ್ಲಿ ನೀರಾವರಿಗಾಗಿ ರೈತರು ಹೂಡಿದ ದೀರ್ಘ ಧರಣಿಗೆ ‘5ಎ ಕಾಲುವೆಯ ಹೋರಾಟ’ ಎಂದೇ ಹೆಸರು. ಹೆಸರಿನಲ್ಲೇ ಕಲ್ಲನ್ನು ಹೊತ್ತ ಊರು ಒಂದು ಸಂಖ್ಯೆಯನ್ನು ಮಂತ್ರದಂತೆ ಜಪಿಸುತ್ತ ನೀರನ್ನು ಬೇಡಿತು. ಸಂಖ್ಯೆಗೂ ಜೀವ ಬರಬಲ್ಲುದು. ಆದರೆ ಜನರು ಅದರೊಡನೆ ಬಾಳಿದ ಮೇಲೆ ಮಾತ್ರ.

ಈಗ ಬರೆಯುವ ಹೆಸರುಗಳು

ಈ ವಿಚಾರವನ್ನು ಇಂದು ಎತ್ತಲು ಕಾರಣವಿದೆ. ಕಂದಾಯದ ಲೆಕ್ಕದಲ್ಲಿ ಊರೆಂದು ಎಣಿಸಲ್ಪಡದ ಸಾವಿರಾರು ನೆಲೆಗಳು ಕರ್ನಾಟಕದಲ್ಲಿದ್ದವು. ತಾಂಡಾ, ಹಟ್ಟಿ, ಹಾಡಿ, ದೊಡ್ಡಿ, ಪಾಳ್ಯ, ಕ್ಯಾಂಪ್, ಕಾಲೊನಿ ಎಂದು ಅವಕ್ಕೆ ಹೆಸರು. ಅಲ್ಲಿ ಹುಟ್ಟಿ ಬೆಳೆದವರಿಗೂ ತಾವಿದ್ದ ಮನೆಯ ಹಕ್ಕುಪತ್ರವಿರಲಿಲ್ಲ. ಇಂಥವನ್ನು ಕಂದಾಯ ಗ್ರಾಮಗಳನ್ನಾಗಿ ಮಾಡುವ ಕೆಲಸ ಈಚಿನ ವರ್ಷಗಳಲ್ಲಿ ನಡೆದಿದೆ. ರಾಯಚೂರೂ ಸೇರಿದಂತೆ ಐದು ಜಿಲ್ಲೆಗಳಲ್ಲಿ ಸುಮಾರು 1,475 ನೆಲೆಗಳು ಹೀಗೆ ಹೊಸ ಗ್ರಾಮಗಳೆಂದು ಘೋಷಿತವಾದವು. 2023ರ ಜನವರಿ 19ರಂದು ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ವಿತರಣೆಯಾಯಿತು.

ಇದು ನ್ಯಾಯದ ಕೆಲಸ. ಹಕ್ಕುಪತ್ರದಲ್ಲಿ ಮನೆಯ ಅಳತೆಯ ಜೊತೆಗೆ ಊರಿನ ಹೆಸರನ್ನೂ ಬರೆಯಬೇಕು. ಇಂದು ಕಾಗದದ ಮೇಲೆ ಬಿದ್ದ ಹೆಸರು ಮುಂದೆ ಪಹಣಿ, ಆಧಾರ್, ಶಾಲೆಯ ದಾಖಲೆ, ಭೂಪಟಗಳಲ್ಲೆಲ್ಲ ನಿಲ್ಲುತ್ತದೆ. ಅವಸರದಲ್ಲಿ ಬರೆಯುವ ಕೈಗೆ ಎರಡು ಸುಲಭ ದಾರಿಗಳಿವೆ: ಸಂಖ್ಯೆ ಹಾಕುವುದು, ಇಲ್ಲವೆ ಯಾರಾದರೊಬ್ಬ ದೊಡ್ಡವರ ಹೆಸರಿನ ಮುಂದೆ ‘ನಗರ’ವೆಂದು ಸೇರಿಸುವುದು. ದೊಡ್ಡವರನ್ನು ಸ್ಮರಿಸುವುದು ತಪ್ಪಲ್ಲ. ಆದರೆ ಒಂದೇ ತಾಲ್ಲೂಕಿನಲ್ಲಿ ಅದೇ ಹೆಸರಿನ ಹತ್ತು ನಗರಗಳಾದರೆ ಅಂಚೆಯವನಿಗೂ ಉಪಯೋಗವಿಲ್ಲ, ಸ್ಮರಣೆಗೂ ಗೌರವವಿಲ್ಲ. ಅಲ್ಲಿದ್ದ ಹಳ್ಳದ ಹೆಸರು, ಮರಡಿಯ ಹೆಸರು, ಬಾವಿಯ ಹೆಸರು ಮಾತ್ರ ಸದ್ದಿಲ್ಲದೆ ಅಳಿಸಿಹೋಗುತ್ತದೆ.

ಶಂಬಾ ಜೋಶಿಯವರು ‘ಎಡೆಗಳು ಹೇಳುವ ಕಂನಾಡ ಕಥೆ’ ಎಂಬ ಗ್ರಂಥದಲ್ಲಿ ಸ್ಥಳನಾಮಗಳನ್ನು ಹಿಡಿದು ನಾಡಿನ ಪ್ರಾಚೀನ ಚರಿತ್ರೆಯನ್ನು ಹುಡುಕಿದರು. ಪಿ. ಬಿ. ದೇಸಾಯಿಯವರು ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳ ಶಾಸನಗಳನ್ನು ಸಂಪಾದಿಸಿ 1958ರಲ್ಲಿ ಪ್ರಕಟಿಸಿದರು. ಊರುಗಳ ಹೆಸರುಗಳಿಗೆ ಇಂಥ ವಿದ್ವಾಂಸರ ಆಸರೆ ದೊರೆತಿದೆ. ಹೊಲಗಳ ಹೆಸರುಗಳಿಗೆ ಅದೂ ಇಲ್ಲ. ಸರ್ವೆ ನಂಬರು ಬರುವ ಮೊದಲು ಪ್ರತಿ ಹೊಲಕ್ಕೂ ಹೆಸರಿತ್ತು. ಈಗಲೂ ಮುದುಕರು ‘ಹುಣಸೀಮರದ ಹೊಲ’, ‘ಮರಡಿ ಹೊಲ’, ‘ಹಳ್ಳದ ಹೊಲ’ ಎಂದೇ ಕರೆಯುತ್ತಾರೆ. ಹುಣಸೆ ಉರುಳಿರಬಹುದು, ಮರಡಿಯನ್ನು ಯಂತ್ರ ಸಮ ಮಾಡಿರಬಹುದು. ನೀರು ಹಿಂದೆ ಎಲ್ಲಿ ಹರಿಯುತ್ತಿತ್ತು, ಎಲ್ಲಿ ನಿಲ್ಲುತ್ತಿತ್ತು, ಎಲ್ಲಿ ಮನೆ ಕಟ್ಟಬಾರದು ಎಂಬ ತಿಳಿವಳಿಕೆ ಆ ಹೆಸರುಗಳಲ್ಲಿ ಮಾತ್ರ ಉಳಿದಿದೆ.

ಇದನ್ನು ಉಳಿಸಲು ದೊಡ್ಡ ಯೋಜನೆ ಬೇಕಾಗಿಲ್ಲ. ಹೊಸ ಗ್ರಾಮಕ್ಕೆ ಹೆಸರು ಬರೆಯುವ ದಿನ ಪಂಚಾಯಿತಿಯವರು ಊರಿನ ಇಬ್ಬರು ಹಿರಿಯರನ್ನು, ಅದರಲ್ಲೂ ದನ ಮೇಯಿಸಿದವರನ್ನು ಕರೆದು ಕೇಳಲಿ. ಶಾಲೆಯ ಉಪಾಧ್ಯಾಯರು ಒಂದು ಭಾನುವಾರ ಮಕ್ಕಳಿಗೆ ಅಜ್ಜ ಅಜ್ಜಿಯರಿಂದ ಹೊಲ, ಹಳ್ಳ, ದಿನ್ನೆಗಳ ಹೆಸರುಗಳನ್ನು ಬರೆದು ತರಲು ಹೇಳಲಿ. ಒಂದು ನೋಟುಬುಕ್ಕಿನಲ್ಲಿ ಒಂದು ಊರು ಹಿಡಿಸುತ್ತದೆ. ಬರೆಯುವಾಗ ಳಕಾರವನ್ನು ಳಕಾರವಾಗಿಯೇ, ಬಾಯಲ್ಲಿ ಬಂದಂತೆಯೇ ಬರೆಯಲಿ. ತಿದ್ದಿ ಸಂಸ್ಕೃತ ಮಾಡುವ ಉತ್ಸಾಹ ಬೇಡ. ಅರ್ಥ ತಿಳಿಯದಿದ್ದರೂ ಚಿಂತೆಯಿಲ್ಲ. ಬೂದಿಹಾಳದವರಿಗೂ ಬೂದಿಯ ಕಥೆ ತಿಳಿದಿರಲಿಲ್ಲ. ಅವರು ಹೆಸರನ್ನು ಬಿಡದೆ ಉಳಿಸಿಕೊಂಡು ಬಂದರು. ಕಥೆಯನ್ನು ಹೇಳುವವರು ತಮ್ಮ ಕಾಲಕ್ಕೆ ಬಂದು ಹೇಳಿದರು.